ಹುಲ್ಲುಗಾವಲಿಗೆ ಬಿಡುವ ಮುನ್ನ ಕಡಸುಗಳ ಅಂಡಾಶಯ ತೆಗೆಸಬೇಕೇ?

ಪ್ರಶ್ನೆ: ಅಮೆರಿಕದ ಕಾನ್ಸಾಸ್ ರಾಜ್ಯದ ಫ್ಲಿಂಟ್ ಹಿಲ್ಸ್ ಪ್ರದೇಶದಲ್ಲಿ ನೆಲೆಸಿರುವ ನಾವು ಪಾಲುದಾರರೊಬ್ಬರ ಜೊತೆಗೂಡಿ ಸುಮಾರು 200 ಕಿಲೋ ತೂಕದ, ಮಾಂಸದ ತಳಿಯ ಕಡಸುಗಳನ್ನು ಜನವರಿ ಮೊದಲಿಗೆ ಕೊಂಡಿದ್ದೇವೆ. ಮೇ ತಿಂಗಳಲ್ಲಿ ಹುಲ್ಲುಗಾವಲಿಗೆ ಬಿಟ್ಟು, ಬಳಿಕ ಫೀಡ್‌ಲಾಟ್‌ಗೆ (ಮಾಂಸಕ್ಕಾಗಿ ದನಗಳನ್ನು ಕೂಡಿಹಾಕಿ ದಾಣಿ ತಿನ್ನಿಸಿ ಕೊಬ್ಬಿಸುವ ಕೇಂದ್ರಕ್ಕೆ) ಮಾರುವ ಯೋಚನೆಯಿದೆ. ಅಂಡಾಶಯ ತೆಗೆಸಿದರೆ ಕಡಸುಗಳು ಬೇಗ ಮೈ ತುಂಬಿಕೊಳ್ಳುತ್ತವೆ ಎಂದು ಪಾಲುದಾರರು ಹೇಳುತ್ತಾರೆ. ಇದು ನಿಜವೇ? ಅಲ್ಲಿಯವರೆಗೆ ದಾಣಿಯನ್ನು ಧಾರಾಳವಾಗಿ ಕೊಡಬಹುದೇ?

ಉತ್ತರ: ಅಂಡಾಶಯ ತೆಗೆಸಿದ ಮಾತ್ರಕ್ಕೆ ಕಡಸು ಹೆಚ್ಚು ಮೈ ತುಂಬಿಕೊಳ್ಳುವುದಿಲ್ಲ. ಅಂಡಾಶಯದ ಹಾರ್ಮೋನುಗಳ ನೆರವು ತಪ್ಪುವುದರಿಂದ ತೂಕದ ಗಳಿಕೆ ತುಸು ಕುಗ್ಗುವುದೇ ಸಾಮಾನ್ಯ. ಆ ಕೊರತೆಯನ್ನು ತುಂಬಲೆಂದೇ ಅಲ್ಲಿನ ಸಾಕಣೆದಾರರು ಕಿವಿಯ ಚರ್ಮದಡಿ, ಬೆಳವಣಿಗೆಗೆ ನೆರವಾಗುವ ಹಾರ್ಮೋನನ್ನು ನಿಧಾನವಾಗಿ ಬಿಡುವ ಇಂಪ್ಲಾಂಟ್ ಗುಳಿಗೆಯನ್ನು ಹಾಕಿಸುತ್ತಾರೆ. ಶಸ್ತ್ರಚಿಕಿತ್ಸೆಯ ನಿಜವಾದ ಲಾಭ ಬೇರೆಯೇ ಇದೆ. ಕಡಸುಗಳು ಬೆದೆಗೆ ಬರುವುದಿಲ್ಲ, ಒಂದರ ಮೇಲೊಂದು ಏರಿ ದಣಿಯುವುದಿಲ್ಲ, ಪಕ್ಕದ ಗೂಳಿ ಬೇಲಿ ಹಾರಿ ಬಂದರೂ ಗಬ್ಬ ಕಟ್ಟುವುದಿಲ್ಲ. ಗಬ್ಬದ ಕಡಸಿಗೆ ಫೀಡ್‌ಲಾಟ್‌ನವರು ಬೆಲೆ ಇಳಿಸುತ್ತಾರೆ. ಆದ್ದರಿಂದ ಬೇಲಿಯಾಚೆ ಗೂಳಿಗಳಿವೆಯೇ, ಅಂಡಾಶಯ ತೆಗೆದ ಕಡಸಿಗೆ ನಿಮ್ಮ ಖರೀದಿದಾರರು ಹೆಚ್ಚು ಬೆಲೆ ಕೊಡುತ್ತಾರೆಯೇ ಎಂಬುದನ್ನು ವಿಚಾರಿಸಿ. ಎರಡಕ್ಕೂ ಉತ್ತರ 'ಇಲ್ಲ' ಎಂದಾದರೆ ಈ ಖರ್ಚು ಬೇಡವೆಂದೇ ನನ್ನ ಸಲಹೆ. ಬೆದೆ ತಡೆಯುವ ಎಂಜಿಎ ಎಂಬ ಔಷಧವನ್ನು ಮೇವಿನಲ್ಲಿ ಕೊಡುವ ಪದ್ಧತಿ ಫೀಡ್‌ಲಾಟ್‌ಗೆ ಒಪ್ಪುತ್ತದೆಯಾದರೂ, ಪ್ರತಿ ಕಡಸೂ ಪ್ರತಿದಿನ ಅದನ್ನು ತಿನ್ನಬೇಕಾಗಿರುವುದರಿಂದ ಬಯಲಿನಲ್ಲಿ ನಡೆಸುವುದು ಕಷ್ಟ.

ಮಾಡಿಸುವುದಾದರೆ ಏಪ್ರಿಲ್ ಮೊದಲ ವಾರದೊಳಗೆ ಮುಗಿಸಿ, ಗಾಯ ಮಾಯಲು ಮೂರು-ನಾಲ್ಕು ವಾರ ಬಿಡಿ. ಪಕ್ಕೆಯನ್ನು ಕೊಯ್ದು ಮಾಡುವುದು ಒಂದು ವಿಧಾನ. ಯೋನಿಯ ಮೂಲಕ ಉದ್ದನೆಯ ಉಪಕರಣ ತೂರಿಸಿ ಮಾಡುವುದು ಇನ್ನೊಂದು. ಈ ಎರಡನೆಯ ಬಗೆಗೆ ಸೇರಿದ, ಉತ್ತರ ಆಸ್ಟ್ರೇಲಿಯಾದಲ್ಲಿ ಬಳಕೆಯಲ್ಲಿರುವ ವಿಲ್ಲಿಸ್ ವಿಧಾನದಲ್ಲಿ ಕತ್ತರಿಸಿದ ಅಂಡಾಶಯವನ್ನು ಹೊಟ್ಟೆಯೊಳಗೇ ಬಿಡುತ್ತಾರೆ. ಇನ್ನೂರು ಕಿಲೋದ ಕಡಸಿಗೆ ಈ ಎರಡನೆಯ ದಾರಿ ಇಕ್ಕಟ್ಟಾಗುತ್ತದೆ, ಏಪ್ರಿಲ್ ವೇಳೆಗೆ ತೂಕ 250 ಕಿಲೋ ಸಮೀಪಿಸಿದರೆ ಅನುಕೂಲ. ಮೊದಲು ಗಬ್ಬದ ಪರೀಕ್ಷೆ ಆಗಲೇಬೇಕು. ಧನುರ್ವಾಯು, ಚಪ್ಪೆಬೇನೆಯಂಥ ಕ್ಲಾಸ್ಟ್ರಿಡಿಯಲ್ ರೋಗಗಳ ಲಸಿಕೆಯನ್ನು ಸಾಕಷ್ಟು ಮುಂಚೆಯೇ ಹಾಕಿಸಿ, ಹಿಂದಿನ ದಿನ ಮೇವು ನಿಲ್ಲಿಸಿ, ನೋವು ನಿವಾರಕವನ್ನು ಕೇಳಿ ಕೊಡಿಸಿ. ಮುಖ್ಯ ಅಪಾಯವೆಂದರೆ ಒಳಗೇ ಆಗುವ ರಕ್ತಸ್ರಾವ. ಹೊರಗೆ ಒಂದು ಹನಿಯೂ ಕಾಣದಿರಬಹುದು. ಹಿಂಡಿನಿಂದ ದೂರ ನಿಂತು ಏದುಸಿರು ಬಿಡುತ್ತಿರುವ ಕಡಸಿನ ತುಟಿ ಸರಿಸಿ ನೋಡಿ: ಒಸಡು ಬಿಳಿಚಿಕೊಂಡಿದ್ದರೆ ತಡಮಾಡದೆ ವೈದ್ಯರನ್ನು ಕರೆಸಿ.

ಇನ್ನು ದಾಣಿಯ ವಿಚಾರ. ಹಣ ಉಳಿಯುವುದೂ ಪೋಲಾಗುವುದೂ ಇಲ್ಲಿಯೇ. ಚಳಿಗಾಲದಲ್ಲಿ ಹಿಡಿತದಲ್ಲಿ ಬೆಳೆಸಿದ ಕಡಸು ಹಸಿರು ಹುಲ್ಲು ಸಿಕ್ಕೊಡನೆ ಹಿಂದಿನ ಕೊರತೆಯನ್ನೂ ಸೇರಿಸಿ ಭರದಿಂದ ಬೆಳೆಯುತ್ತದೆ. ದಾಣಿ ತಿಂದು ಕೊಬ್ಬಿದ ಕಡಸು ಅದೇ ಹುಲ್ಲಿನಲ್ಲಿ ನಿಧಾನವಾಗುತ್ತದೆ. ದುಬಾರಿ ದಾಣಿಯಿಂದ ಕೊಂಡ ತೂಕವನ್ನು ಅಗ್ಗದ ಹುಲ್ಲಿನಲ್ಲಿ ಕಳೆದುಕೊಂಡಂತೆ ಆಗುತ್ತದೆ. ದಿನಕ್ಕೆ ಅರ್ಧ ಕಿಲೋದಷ್ಟು ಗಳಿಕೆ ಸಾಕು. ಹಾಗೆಂದು ಉಪವಾಸ ಕೆಡವಬಾರದು. ಚಳಿಗಾಲದ ಒಣ ಬ್ಲೂಸ್ಟೆಮ್ ಹುಲ್ಲಿನಲ್ಲಿ ಪ್ರೋಟೀನು ಶೇ. 5ನ್ನೂ ಮುಟ್ಟದಿರಬಹುದು, ಶೇ. 7ಕ್ಕಿಂತ ಕಡಿಮೆಯಾದರೆ ಮೆಲುಕು ಚೀಲದ ಸೂಕ್ಷ್ಮಜೀವಿಗಳು ಸೊರಗಿ, ಹೊಟ್ಟೆ ತುಂಬಿದ್ದರೂ ಮೇವು ಜೀರ್ಣವಾಗದೆ ಉಳಿಯುತ್ತದೆ. ಆದ್ದರಿಂದ ಜೋಳಕ್ಕಿಂತ ಮೊದಲು ಹತ್ತಿಕಾಳು ಹಿಂಡಿ, ಸೋಯಾ ಹಿಂಡಿ ಅಥವಾ ಎಥನಾಲ್ ಕಾರ್ಖಾನೆಯಲ್ಲಿ ಉಳಿಯುವ ಧಾನ್ಯದ ಶೇಷವಾದ ಡಿಸ್ಟಿಲರ್ಸ್ ಗ್ರೇನ್ ಕೊಡಿ. ಅಂಜುಬುರುಕ ಕಡಸಿಗೂ ಪಾಲು ಸಿಗುವಂತೆ ಗೋದಲಿ ಉದ್ದವಾಗಿರಲಿ.

ಜುಲೈ ಮಧ್ಯದ ನಂತರ ಬ್ಲೂಸ್ಟೆಮ್ ಬಲಿತು ಸತ್ವ ಇಳಿಯುವುದರಿಂದ, ಆ ಭಾಗದಲ್ಲಿ ಮೇ ಮೊದಲಿಗೆ ದುಪ್ಪಟ್ಟು ಜಾನುವಾರು ಬಿಟ್ಟು ಜುಲೈ ಮಧ್ಯಕ್ಕೇ ಎತ್ತಿಬಿಡುವ ಪದ್ಧತಿಯೂ ಇದೆ. ಗೂಳಿಯ ಕಾಟದ ಅವಧಿಯೂ ಅಷ್ಟೇ ಮೊಟಕಾಗುತ್ತದೆಯಾದ್ದರಿಂದ, ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು ಇದನ್ನು ಪಾಲುದಾರರೊಂದಿಗೆ ಚರ್ಚಿಸಿ.

ಪೂರಕ ದಾಣಿಯಲ್ಲಿ, ಮೇವಿನ ಸದುಪಯೋಗಕ್ಕೆ ನೆರವಾಗಲೆಂದು ಬೆರೆಸುವ ಮೊನೆನ್ಸಿನ್ ಇದೆಯೇ ಎಂದು ಚೀಲದ ಚೀಟಿಯನ್ನು ಓದಿ. ಕಡಸಿಗೆ ಹಿತವಾದ ಈ ಔಷಧ ಕುದುರೆಗೆ ಮಾರಕವಾದುದರಿಂದ, ಹಿಂಡು ಕಾಯಲು ಬಳಸುವ ಕುದುರೆಗಳನ್ನು ಆ ಗೋದಲಿಯ ಬಳಿ ಬಿಡಬೇಡಿ.