ವಾಹನ ಪ್ರಶ್ನೋತ್ತರ: ಹೆದ್ದಾರಿಗೂ ಕುಂಚಾವರಂ ಕಾಡುದಾರಿಗೂ ಒಂದೇ ಟೈರ್

ಪ್ರಶ್ನೆ: ಮಾನ್ಯರೇ, ನನ್ನ ಬಳಿ ಏಳು ಆಸನಗಳ ಎಸ್‌ಯುವಿ ಇದೆ. ಅದು ಫೋರ್ ವೀಲ್ ಡ್ರೈವ್ ಅಲ್ಲ. ವ್ಯಾಪಾರದ ಕೆಲಸಕ್ಕಾಗಿ ತಿಂಗಳಿಗೆ ನಾಲ್ಕು ಸಲ ಕಲಬುರಗಿಯಿಂದ ಹುಮನಾಬಾದ್ ಮಾರ್ಗವಾಗಿ ಹೈದರಾಬಾದಿಗೆ ಹೋಗಿಬರುತ್ತೇನೆ. ತಿಂಗಳಿಗೆ ಎರಡು ಸಲ ಚಿಂಚೋಳಿ ತಾಲ್ಲೂಕಿನ ನಮ್ಮ ಹೊಲಕ್ಕೆ ಹೋಗುವುದುಂಟು. ಅಲ್ಲಿ ಕುಂಚಾವರಂ ಕಾಡಂಚಿನಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಕಲ್ಲುಮಣ್ಣಿನ ದಾರಿ ಇದೆ. ಗಾಡಿಯ ಜೊತೆ ಬಂದ 235/65 ಆರ್17 ಅಳತೆಯ ಟೈರ್‌ಗಳು ಸವೆದಿವೆ, ಈ ವರ್ಷ ಒಂದು ಟೈರ್ ಪಕ್ಕದಲ್ಲಿ ಸೀಳಿಯೂ ಹೋಯಿತು. ಒಬ್ಬ ಅಂಗಡಿಯವರು 255/65 ಆರ್17 ಅಳತೆಯ ಮಡ್ ಟೆರೇನ್ ಟೈರ್ ಹಾಕಿಸಿ, ಗಾಡಿ ಎತ್ತರವೂ ಆಗುತ್ತದೆ ಎನ್ನುತ್ತಾರೆ. ಇನ್ನೊಬ್ಬರು ಮೊದಲಿದ್ದ ಹೈವೇ ಟೈರನ್ನೇ ಹಾಕಿಸಿ ಎನ್ನುತ್ತಾರೆ. ಯಾರ ಮಾತು ಕೇಳಲಿ?
— ಓದುಗರು, ಕಲಬುರಗಿ

ಉತ್ತರ: ನಿಮ್ಮ ಗಾಡಿಗೆ ಹೊಂದುವುದು ಈಗಿರುವ ಅಳತೆಯಲ್ಲೇ ಸಿಗುವ, ಡಾಂಬರು ರಸ್ತೆಯ ಕಡೆಗೆ ಹೆಚ್ಚು ವಾಲಿದ ಆಲ್ ಟೆರೇನ್ ಟೈರ್. ಇಬ್ಬರು ಅಂಗಡಿಯವರ ಮಾತಿಗೂ ಇದು ಹೊರತಾದುದರಿಂದ ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಮೊದಲು ನಿಮ್ಮ ಓಡಾಟದ ಲೆಕ್ಕ ನೋಡೋಣ. ಹೈದರಾಬಾದಿಗೆ ಒಂದು ಬದಿ ಸುಮಾರು 220 ಕಿಲೋಮೀಟರ್ ಎಂದರೂ ನಾಲ್ಕು ಸಲದ ಹೋಗಿಬರುವಿಕೆಗೆ 1,700 ಕಿಲೋಮೀಟರ್ ದಾಟುತ್ತದೆ. ಚಿಂಚೋಳಿಯವರೆಗಿನ ಡಾಂಬರು ರಸ್ತೆಯನ್ನೂ ಸೇರಿಸಿದರೆ ತಿಂಗಳಿಗೆ ಎರಡು ಸಾವಿರದ ಹತ್ತಿರ ಬರುತ್ತದೆ. ಕಲ್ಲುಮಣ್ಣಿನ ದಾರಿಯ ಓಟ ಐವತ್ತು ಕಿಲೋಮೀಟರ್ ಕೂಡ ಆಗುವುದಿಲ್ಲ. ಈ ಲೆಕ್ಕವನ್ನಷ್ಟೇ ಹಿಡಿದರೆ ಎರಡನೆಯ ಅಂಗಡಿಯವರ ಮಾತೇ ಸರಿ. ಆದರೆ ಟೈರ್ ಸವೆಯುವುದು ಒಂದು ಕಡೆ, ಕೆಡುವುದು ಇನ್ನೊಂದು ಕಡೆ. ನಿಮ್ಮ ಟೈರ್ ಸವೆದದ್ದು ಹೆದ್ದಾರಿಯ ಎರಡು ಸಾವಿರ ಕಿಲೋಮೀಟರ್‌ಗಳಲ್ಲಿ. ಸೀಳಿದ್ದು, ನನ್ನ ಅಂದಾಜು ಸರಿಯಾಗಿದ್ದರೆ, ಆ ಐವತ್ತರೊಳಗೆ. ಆದ್ದರಿಂದ ಆಯ್ಕೆ ಮಾಡುವಾಗ ಎರಡನ್ನೂ ಬೇರೆ ಬೇರೆಯಾಗಿ ತೂಗಬೇಕು.

ಆ ದಾರಿಯ ನೆಲ ಟೈರಿಗೆ ಏನು ಮಾಡುತ್ತದೆ ಎಂಬುದನ್ನು ಗಮನಿಸಿ. ಕುಂಚಾವರಂ ಸುತ್ತಮುತ್ತ ಕೆಂಪು ಜಂಬಿಟ್ಟಿಗೆಯ ಗಟ್ಟಿ ನೆಲದಲ್ಲಿ ಕಲ್ಲಿನ ಅಂಚುಗಳು ಎದ್ದು ನಿಂತಿರುತ್ತವೆ. ಗಾಲಿ ಬಂಡಿಜಾಡಿನೊಳಗೆ ಇಳಿದಾಗ ಕಲ್ಲು ತಾಗುವುದು ಟೈರಿನ ತಳಕ್ಕಲ್ಲ, ಪಕ್ಕಕ್ಕೆ. ಅಂಗಡಿಯವರು ಸೈಡ್‌ವಾಲ್ ಎಂದು ಕರೆಯುವ ಈ ಪಕ್ಕದ ಭಾಗವೇ ಟೈರಿನಲ್ಲಿ ಅತ್ಯಂತ ತೆಳುವಾದದ್ದು, ಅಲ್ಲಿ ಸೀಳು ಬಿದ್ದರೆ ರಿಪೇರಿಯಿಲ್ಲ. ಹೊಲದ ಬದಿಯಲ್ಲಿ ಬೇರೊಂದು ಅಪಾಯವಿದೆ: ತೊಗರಿ ಕೊಯ್ದ ಮೇಲೆ ನೆಲದಲ್ಲಿ ಓರೆಯಾಗಿ ಉಳಿಯುವ ಒಣ ಕೂಳೆ. ಕುಡುಗೋಲಿನಿಂದ ಕತ್ತರಿಸಿದ ಅದರ ತುದಿ ಉಳಿಯಷ್ಟು ಚೂಪಾಗಿರುತ್ತದೆ ಮತ್ತು ಬಿಸಿಲಿಗೆ ಒಣಗಿದ ಮೇಲೆ ಮುರಿಯದೆ ಚುಚ್ಚುತ್ತದೆ. ಗಾಡಿ ತಿರುಗಿಸಲೆಂದು ಹೊಲದ ಅಂಚಿಗೆ ಇಳಿಸಿದಾಗ ಸವೆದ ಹೈವೇ ಟೈರಿನ ಸಂದಿನೊಳಗೆ ಅದು ಸುಲಭವಾಗಿ ನುಗ್ಗುತ್ತದೆ. ಬಳ್ಳಾರಿ ಜಾಲಿಯ ಮುಳ್ಳಿನ ವಿಷಯ ನಮ್ಮ ಭಾಗದವರಿಗೆ ಹೇಳಬೇಕಾಗಿಲ್ಲ.

ಹೈವೇ ಟೆರೇನ್, ಅಂದರೆ ಎಚ್‌ಟಿ ಟೈರಿನ ಸಂದುಗಳು ಕಿರಿದು, ಪಕ್ಕದ ಭಾಗ ಮೃದು. ಅದರಿಂದಲೇ ಅದು ಸದ್ದಿಲ್ಲದೆ ಓಡುತ್ತದೆ, ಡೀಸೆಲ್ ಉಳಿಸುತ್ತದೆ, ಮಳೆಯಲ್ಲಿ ಬ್ರೇಕ್ ಹಾಕಿದಾಗ ಚೆನ್ನಾಗಿ ಹಿಡಿಯುತ್ತದೆ. ಆಲ್ ಟೆರೇನ್, ಅಂದರೆ ಎಟಿ ಟೈರಿನಲ್ಲಿ ರಬ್ಬರ್ ಬ್ಲಾಕ್‌ಗಳು ದಪ್ಪ, ಸಂದುಗಳು ಆಳ, ಭುಜದ ಬ್ಲಾಕ್‌ಗಳು ಪಕ್ಕಕ್ಕೆ ಇಳಿದು ಸೈಡ್‌ವಾಲ್‌ನ ಮೇಲಂಚನ್ನು ಸ್ವಲ್ಪ ಕಾಯುತ್ತವೆ. ಮಡ್ ಟೆರೇನ್, ಅಂದರೆ ಎಂಟಿ ಟೈರಿನ ದೊಡ್ಡ ಬ್ಲಾಕ್‌ಗಳು ಕೆಸರನ್ನು ಹೊರಗೆಸೆಯಲೆಂದೇ ದೂರ ದೂರ ಇರುತ್ತವೆ. ಅಷ್ಟು ಅಂತರದ ಬ್ಲಾಕ್‌ಗಳು ಹುಮನಾಬಾದ್‌ನಿಂದ ಜಹೀರಾಬಾದ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಗಂಟೆಗೆ 90ರ ವೇಗದಲ್ಲಿ ಓಡುವಾಗ ಒಂದೇ ಸಮನೆ ಗುಂಯ್‌ಗುಡುತ್ತವೆ, ಬೇಗ ಸವೆಯುತ್ತವೆ, ಒದ್ದೆ ರಸ್ತೆಯಲ್ಲಿ ಗಾಡಿ ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳುತ್ತವೆ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಶ್ರಾವಣದ ಮಳೆಯಲ್ಲಿ ಹೈದರಾಬಾದಿನಿಂದ ಮರಳುವ ಗಾಡಿಗೆ ಇಂಥ ಟೈರನ್ನು ನಾನು ಎಂದಿಗೂ ಸಲಹೆ ಮಾಡಲಾರೆ.

ಮಡ್ ಟೆರೇನ್ ಹಾಕಿಸಿದರೆ ಎರೆಮಣ್ಣಿನಲ್ಲಿ ಸಿಕ್ಕಿಬೀಳುವುದಿಲ್ಲ ಎಂದು ಮೊದಲನೆಯ ಅಂಗಡಿಯವರು ಹೇಳಿರಬಹುದು. ಅದು ಅರ್ಧ ಮಾತ್ರ ನಿಜ. ನಮ್ಮ ಕಪ್ಪು ಎರೆಮಣ್ಣು ನೀರು ಕುಡಿದು ಉಬ್ಬುವ ಜಿಗುಟು ಜೇಡಿ. ಮಳೆ ಬಿದ್ದ ಮೇಲೆ ಅದು ನಾಲ್ಕೇ ಸುತ್ತಿನಲ್ಲಿ ಟೈರಿನ ಸಂದುಗಳನ್ನು ತುಂಬಿ, ಯಾವ ಟೈರಾದರೂ ನುಣ್ಣಗಾಗುವಂತೆ ಮಾಡಿಬಿಡುತ್ತದೆ. ಮಡ್ ಟೈರ್ ಅದನ್ನು ಎಸೆಯಬೇಕಾದರೆ ಗಾಲಿ ಜೋರಾಗಿ ತಿರುಗಬೇಕು. ಎರಡೇ ಗಾಲಿಗಳಿಗೆ ಎಂಜಿನ್ ಬಲ ಸಿಗುವ ನಿಮ್ಮ ಗಾಡಿಯಲ್ಲಿ ಅಷ್ಟು ಜೋರಾಗಿ ತಿರುಗಿಸಿದರೆ ಗಾಲಿ ಇನ್ನೂ ಕೆಳಗೆ ಹೂತುಕೊಳ್ಳುತ್ತದೆ. ಟ್ರ್ಯಾಕ್ಟರ್ ಹಗ್ಗ ಕಟ್ಟಿ ಎಳೆಯುವವರೆಗೆ ಅಲ್ಲೇ ನಿಲ್ಲಬೇಕಾಗುತ್ತದೆ. ರಾಡಿಯಾದ ಎರೆಹೊಲದ ದಾರಿಗೆ ಗಾಡಿ ಇಳಿಸದೆ ಗಟ್ಟಿ ನೆಲದಲ್ಲೇ ನಿಲ್ಲಿಸಿ ನಡೆದು ಹೋಗಿ. ಟೈರ್ ಆರಿಸುವಾಗ ಎರೆಯ ರಾಡಿಯನ್ನು ಲೆಕ್ಕದಿಂದ ತೆಗೆದುಹಾಕಿದರೆ ಉಳಿಯುವುದು ಕಲ್ಲು, ಮುಳ್ಳು ಮತ್ತು ಕೂಳೆ. ಅವಕ್ಕೆ ಎಟಿ ಟೈರೇ ಸಾಕು.

ಎಟಿ ಟೈರ್‌ಗಳಲ್ಲೂ ಬಗೆಗಳಿವೆ. ಅಂಗಡಿಗಳಲ್ಲಿ ಐವತ್ತು–ಐವತ್ತು, ಎಪ್ಪತ್ತು–ಮೂವತ್ತು ಎಂದು ಹೇಳುವುದನ್ನು ಕೇಳಿರುತ್ತೀರಿ. ಮೊದಲ ಅಂಕಿ ಡಾಂಬರಿನ ಪಾಲು, ಎರಡನೆಯದು ಕಚ್ಚಾ ದಾರಿಯ ಪಾಲು ಎಂಬುದು ಸಾಮಾನ್ಯ ಬಳಕೆ. ಇದಕ್ಕೆ ಸರ್ಕಾರಿ ಮಾನದಂಡವೇನೂ ಇಲ್ಲ, ಕಂಪನಿಯವರ ಮಾತು ಮಾತ್ರ. ನೀವು ಎಪ್ಪತ್ತು–ಮೂವತ್ತರ ಆಸುಪಾಸಿನದನ್ನು ಕೇಳಿ. ಅಪೊಲೊ ಆಪ್ಟೆರಾ, ಸಿಯೆಟ್ ಕ್ರಾಸ್‌ಡ್ರೈವ್, ಯೊಕೊಹಾಮಾ ಜಿಯೊಲ್ಯಾಂಡರ್, ಬ್ರಿಜ್‌ಸ್ಟೋನ್ ಡ್ಯುಯೆಲರ್ ಮೊದಲಾದ ಹೆಸರುಗಳಲ್ಲಿ ಎಟಿ ಟೈರ್‌ಗಳು ಬರುತ್ತವೆ. ಒಂದೇ ಹೆಸರಿನಡಿ ಎಚ್‌ಟಿಯೂ ಎಟಿಯೂ ಇರುವುದುಂಟು, ಆದ್ದರಿಂದ ಹೆಸರಿನ ಮುಂದಿನ ಅಕ್ಷರಗಳನ್ನು ಕೈಯಿಟ್ಟು ಓದಿಯೇ ಹಣ ಕೊಡಿ. ಬ್ರ್ಯಾಂಡ್‌ಗಿಂತ ಮುಖ್ಯವಾದುದು ನಿಮ್ಮ ಅಳತೆಯಲ್ಲಿ ಐದು ಟೈರ್‌ಗಳೂ ಹೊಸ ತಯಾರಿಕೆಯವು ಕಲಬುರಗಿಯಲ್ಲೇ ಸಿಗುವುದು ಮತ್ತು ನಾಳೆ ಒಂದು ಕೆಟ್ಟರೆ ಅದೇ ಮಾದರಿ ಮತ್ತೆ ಸಿಗುವುದು.

ಅಳತೆ ಹೆಚ್ಚಿಸುವ ವಿಷಯ. 235/65 ಆರ್17 ಎಂದರೆ ಅಗಲ 235 ಮಿಲಿಮೀಟರ್, ಪಕ್ಕದ ಎತ್ತರ ಅದರ ಶೇಕಡ 65, ರೇಡಿಯಲ್ ರಚನೆ, ರಿಮ್ 17 ಇಂಚು. ಈ ಟೈರಿನ ಒಟ್ಟು ಎತ್ತರ ಸುಮಾರು 737 ಮಿಲಿಮೀಟರ್; 255/65 ಆರ್17 ಆದರೆ 763. ವ್ಯತ್ಯಾಸ 26 ಮಿಲಿಮೀಟರ್, ಅದರಲ್ಲಿ ಗಾಡಿ ನೆಲದಿಂದ ಮೇಲೇಳುವುದು ಅರ್ಧ, ಅಂದರೆ 13 ಮಿಲಿಮೀಟರ್ ಮಾತ್ರ. ಒಂದು ಬೆರಳಿನ ದಪ್ಪಕ್ಕೂ ಕಡಿಮೆಯಿರುವ ಈ ಎತ್ತರಕ್ಕಾಗಿ ನೀವು ಕಳೆದುಕೊಳ್ಳುವುದು ಬಹಳ: ಮೀಟರ್ ಮೊದಲಿಗಿಂತ ಶೇಕಡ ಮೂರೂವರೆ ಕಡಿಮೆ ವೇಗ ತೋರಿಸುತ್ತದೆ, ಎಂಜಿನ್ ಮತ್ತು ಬ್ರೇಕ್‌ಗಳ ಮೇಲೆ ಭಾರ ಹೆಚ್ಚುತ್ತದೆ, ಪೂರ್ತಿ ಸ್ಟೇರಿಂಗ್ ತಿರುಗಿಸಿದಾಗ ಟೈರ್ ಒಳಗಿನ ಮಡ್‌ಗಾರ್ಡಿಗೆ ಉಜ್ಜಬಹುದು. ಗಾಡಿಯ ಕೈಪಿಡಿಯಲ್ಲಿ ಇಲ್ಲದ ಅಳತೆ ಹಾಕಿಸಿದರೆ ವಾರಂಟಿಯ ಮಾತಿನಲ್ಲಿ ತಕರಾರು ಬರುವುದೂ ಇದೆ.

ಅಳತೆಯ ಪಕ್ಕದಲ್ಲೇ 104 ಎಸ್, 104 ಎಚ್ ಎಂಬಂಥ ಅಂಕಿ ಅಕ್ಷರಗಳಿರುತ್ತವೆ. 98 ಎಂದರೆ ಒಂದು ಟೈರ್ ಹೊರಬಲ್ಲ ತೂಕ 750 ಕಿಲೋ, 104 ಎಂದರೆ 900 ಕಿಲೋ. ಅಕ್ಷರ ವೇಗದ ಮಿತಿ: ಎಸ್ 180, ಟಿ 190, ಎಚ್ 210 ಕಿಲೋಮೀಟರ್. ಅಷ್ಟು ವೇಗದಲ್ಲಿ ನಾವು ಓಡಿಸುವುದಿಲ್ಲ ನಿಜ, ಆದರೆ ಈ ಅಕ್ಷರ ಟೈರ್ ಎಷ್ಟು ಶಾಖ ತಾಳಿಕೊಳ್ಳುತ್ತದೆ ಎಂಬುದನ್ನೂ ಸೂಚಿಸುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಊರಿಗೆ ಅದು ಬೇಕು. ತೂಕದ ಅಂಕಿ ಕೈಪಿಡಿಯಲ್ಲಿ ಇರುವುದಕ್ಕಿಂತ ಕೆಳಗೆ ಇಳಿಯಲೇಬಾರದು. ಎಟಿ ಟೈರ್‌ಗಳಲ್ಲಿ ವೇಗದ ಅಕ್ಷರ ಒಂದು ಮೆಟ್ಟಿಲು ಕೆಳಗಿರುವುದುಂಟು, ಅದನ್ನು ಕೈಪಿಡಿ ಒಪ್ಪುತ್ತದೆಯೇ ಎಂದು ನೋಡಿಕೊಳ್ಳಿ.

ಗಾಳಿಯ ವಿಷಯದಲ್ಲಿ ದಯವಿಟ್ಟು ಉದಾಸೀನ ಮಾಡಬೇಡಿ. ಬೇಸಿಗೆಯಲ್ಲಿ ಟೈರ್ ಸಿಡಿಯುತ್ತದೆಂದು ಹೆದರಿ ಗಾಳಿ ಕಡಿಮೆ ಮಾಡಿಸುವ ರೂಢಿ ನಮ್ಮಲ್ಲಿದೆ, ಆದರೆ ಸಿಡಿಯಲು ಕಾರಣವಾಗುವುದು ಹೆಚ್ಚಾಗಿ ಕಡಿಮೆ ಗಾಳಿಯೇ. ಗಾಳಿ ಕಡಿಮೆಯಾದ ಟೈರಿನ ಪಕ್ಕದ ಭಾಗ ಪ್ರತಿ ಸುತ್ತಿಗೂ ಮಡಿಚಿ ಬಿಚ್ಚಿ ಒಳಗೊಳಗೇ ಕಾಯುತ್ತದೆ, ಕೊನೆಗೆ ಒಳಪದರಗಳು ಬಿಟ್ಟುಕೊಳ್ಳುತ್ತವೆ. ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಬರೆದಷ್ಟು ಗಾಳಿಯನ್ನು ಬೆಳಿಗ್ಗೆ ಟೈರ್ ತಣ್ಣಗಿದ್ದಾಗಲೇ ಅಳೆದು ತುಂಬಿಸಿ. ಪೂರ್ತಿ ಜನ, ಸಾಮಾನು ಇದ್ದರೆ ಅದೇ ಚೀಟಿಯಲ್ಲಿರುವ ಹೆಚ್ಚಿನ ಅಂಕಿಯನ್ನು ಹಿಡಿಯಿರಿ. ಶಾಖ ಐದಾರು ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದು ಪಿಎಸ್‌ಐ ಏರುವುದು ಸಹಜ. ದಾರಿಯ ನಡುವೆ ಬಿಸಿ ಟೈರಿನಿಂದ ಗಾಳಿ ಬಿಡಬೇಡಿ. ಕಾಡುದಾರಿಯ ಕಲ್ಲುಗಳ ಮೇಲೆ ನಿಧಾನವಾಗಿ ಹೋಗುವಾಗ ಮಾತ್ರ ಐದಾರು ಪಿಎಸ್‌ಐ ಇಳಿಸಿದರೆ ಟೈರ್ ಕಲ್ಲನ್ನು ತಬ್ಬಿ ಸಾಗುತ್ತದೆ, ಗಾಡಿಯ ಕುಲುಕಾಟವೂ ಕಡಿಮೆ. ಆದರೆ ಗಾಡಿಯಲ್ಲೇ ಸಣ್ಣ ಕಂಪ್ರೆಸರ್ ಇದ್ದು, ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಿಸುವುದಾದರೆ ಮಾತ್ರ ಹೀಗೆ ಮಾಡಿ.

ಕೊನೆಯದಾಗಿ ಸ್ಟೆಪ್ನಿ. ಈಚಿನ ಹಲವು ಗಾಡಿಗಳಲ್ಲಿ ಸ್ಟೆಪ್ನಿ ಚಿಕ್ಕ ಅಳತೆಯದು, ಗಂಟೆಗೆ 80 ಕಿಲೋಮೀಟರ್ ಮೀರದಂತೆ ಅದರ ಮೇಲೆಯೇ ಬರೆದಿರುತ್ತದೆ. ಟೈರ್ ಒತ್ತಡ ತೋರಿಸುವ ಸಾಧನವೂ ರಿಪೇರಿ ಕಿಟ್ಟೂ ಇದ್ದರೆ ಸ್ಟೆಪ್ನಿಯೇ ಇಲ್ಲದ ಕಾರುಗಳಿಗೂ 2020ರಿಂದ ನಿಯಮದಲ್ಲಿ ಅವಕಾಶವಿದೆ. ಸೈಡ್‌ವಾಲ್ ಸೀಳಿದಾಗ ಆ ಕಿಟ್ ಕೆಲಸಕ್ಕೆ ಬಾರದು. ಚಿಂಚೋಳಿ ವನ್ಯಜೀವಿಧಾಮದ ಆಸುಪಾಸಿನ ದಾರಿಗಳಲ್ಲಿ ಸಂಜೆಯಾದ ಮೇಲೆ ಪಂಕ್ಚರ್ ಅಂಗಡಿಯನ್ನು ಹುಡುಕಿಕೊಂಡು ಹೋಗುವ ಪರಿಸ್ಥಿತಿ ನಿಮಗೆ ಬರಬಾರದು. ಆದ್ದರಿಂದ ನಾಲ್ಕಲ್ಲ, ಅದೇ ಅಳತೆಯ ಐದು ಟೈರ್ ಕೊಳ್ಳಿ, ಹತ್ತು ಸಾವಿರ ಕಿಲೋಮೀಟರ್‌ಗೊಮ್ಮೆ ಐದನ್ನೂ ಸ್ಥಾನ ಬದಲಿಸುತ್ತ ಬಳಸಿ. ಖರ್ಚು ಒಮ್ಮೆಲೇ ಹೆಚ್ಚಾದರೂ ಎಲ್ಲವೂ ಸಮನಾಗಿ ಸವೆಯುತ್ತವೆ.

ಪ್ರಶ್ನೆ: ಎರಡು ವರ್ಷ ಹಳೆಯ ತಯಾರಿಕೆಯ ಹೊಸ ಟೈರ್‌ಗಳನ್ನು ಅಂಗಡಿಯವರು ರಿಯಾಯಿತಿಯಲ್ಲಿ ಕೊಡುತ್ತೇನೆ ಎನ್ನುತ್ತಾರೆ. ಕೊಳ್ಳಬಹುದೇ? ನೈಟ್ರೋಜನ್ ತುಂಬಿಸುವುದು ಅಗತ್ಯವೇ?
— ಓದುಗರು, ಬೀದರ್

ಉತ್ತರ: ಟೈರಿನ ಪಕ್ಕದಲ್ಲಿ DOT (ಡಾಟ್) ಎಂಬ ಅಕ್ಷರಗಳಿಂದ ಶುರುವಾಗುವ ಸಂಕೇತದ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. 3523 ಎಂದಿದ್ದರೆ 2023ನೆಯ ಇಸವಿಯ 35ನೆಯ ವಾರದಲ್ಲಿ ತಯಾರಾದದ್ದು. ಕೆಲವು ಟೈರ್‌ಗಳಲ್ಲಿ ಈ ಅಂಕಿ ಒಂದೇ ಬದಿಯಲ್ಲಿರುತ್ತದೆ, ರಿಮ್ಮಿಗೆ ಏರಿಸಿದ ಮೇಲೆ ಅದು ಒಳಮುಖವಾಗಿ ಕಾಣದೆ ಹೋಗಬಹುದು. ಏರಿಸುವ ಮೊದಲೇ ಓದಿಕೊಳ್ಳಿ. ನೆರಳಿನಲ್ಲಿ, ತಂಪಾದ ಗೋದಾಮಿನಲ್ಲಿ ಇಟ್ಟಿದ್ದ ಎರಡು ವರ್ಷದ ಟೈರನ್ನು ಒಳ್ಳೆಯ ರಿಯಾಯಿತಿಗೆ ಕೊಳ್ಳುವುದರಲ್ಲಿ ತಪ್ಪಿಲ್ಲ. ತಗಡಿನ ಶೆಡ್ಡಿನಲ್ಲಿ, ಅಂಗಡಿಯ ಮುಂದಿನ ಬಿಸಿಲಿನಲ್ಲಿ ಪೇರಿಸಿಟ್ಟದ್ದಾದರೆ ಬೇಡ, ಎಷ್ಟೇ ಅಗ್ಗವಾದರೂ ಬೇಡ. ಪಕ್ಕದ ಭಾಗವನ್ನು ಬೆರಳಿನಿಂದ ಒತ್ತಿ ಬಾಗಿಸಿದಾಗ ಕೂದಲೆಳೆಯಂಥ ಬಿರುಕು ಕಂಡರೆ ಅಲ್ಲಿಗೇ ಬಿಟ್ಟುಬಿಡಿ. ಐದಾರು ವರ್ಷ ದಾಟಿದ ಟೈರನ್ನು, ಟ್ರೆಡ್ (ನೆಲಕ್ಕೆ ತಾಗುವ ಭಾಗದ ರಬ್ಬರ್) ಉಳಿದಿದ್ದರೂ, ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಬೇಕು. ಇನ್ನು ನೈಟ್ರೋಜನ್: ನಾವು ಉಸಿರಾಡುವ ಗಾಳಿಯಲ್ಲೇ ಶೇಕಡ 78ರಷ್ಟು ಅದೇ ಇದೆ. ಹಾಕಿಸಿದರೆ ಹಾನಿಯಿಲ್ಲ, ಒತ್ತಡ ಸ್ವಲ್ಪ ನಿಧಾನವಾಗಿ ಇಳಿಯುತ್ತದೆ. ಆದರೆ ನೈಟ್ರೋಜನ್ ಸಿಗಲಿಲ್ಲವೆಂದು ಕಡಿಮೆ ಒತ್ತಡದಲ್ಲೇ ಓಡಿಸುವುದು ಸರಿಯಲ್ಲ. ಸಾಮಾನ್ಯ ಗಾಳಿಯನ್ನೇ ತುಂಬಿಸಿ.

ಪ್ರಶ್ನೆ: ಸದ್ಯಕ್ಕೆ ಎರಡು ಟೈರ್‌ಗಳಿಗೆ ಮಾತ್ರ ಹಣವಿದೆ. ನನ್ನದು ಮುಂದಿನ ಗಾಲಿಗಳಿಂದ ಎಳೆಯುವ ಸಣ್ಣ ಎಸ್‌ಯುವಿ. ಹೊಸ ಟೈರ್‌ಗಳನ್ನು ಮುಂದೆ ಹಾಕಿಸಬೇಕೆಂದು ಎಲ್ಲರೂ ಹೇಳುತ್ತಾರೆ.
— ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಹಿಂದೆ ಹಾಕಿಸಿ. ಒದ್ದೆ ರಸ್ತೆಯಲ್ಲಿ ಮುಂದಿನ ಟೈರ್ ಜಾರಿದರೆ ಗಾಡಿ ನೆಟ್ಟಗೆ ಮುಂದೆ ಸರಿಯುತ್ತದೆ, ಕಾಲು ತೆಗೆದು ನಿಧಾನಿಸಿದರೆ ಮತ್ತೆ ಹಿಡಿತಕ್ಕೆ ಬರುತ್ತದೆ. ಹಿಂದಿನ ಟೈರ್ ಜಾರಿದರೆ ಗಾಡಿಯ ಹಿಂಭಾಗ ಪಕ್ಕಕ್ಕೆ ತಿರುಗುತ್ತದೆ, ಅದನ್ನು ಸ್ಟೇರಿಂಗ್‌ನಿಂದ ಹತೋಟಿಗೆ ತರುವುದು ನುರಿತ ಚಾಲಕರಿಗೂ ಕಷ್ಟ. ಹಳೆಯ ಟೈರ್‌ಗಳ ಪೈಕಿ ಚೆನ್ನಾಗಿರುವ ಎರಡನ್ನು ಮುಂದಕ್ಕೆ ತನ್ನಿ, ಒಂದೇ ಅಚ್ಚಿನ (ಆಕ್ಸಲ್) ಎರಡು ಬದಿಗೆ ಬೇರೆ ಬೇರೆ ಮಾದರಿಯ ಟೈರ್ ಬೇಡ. ಮುಂದಕ್ಕೆ ತಂದ ಟೈರಿನ ಸಂದಿನ ತಳದಲ್ಲಿರುವ ಸಣ್ಣ ದಿಬ್ಬದ ಗುರುತಿನ ಮಟ್ಟಕ್ಕೆ ಟ್ರೆಡ್ ಸವೆದಿದ್ದರೆ ಆಳ 1.6 ಮಿಲಿಮೀಟರ್‌ಗೆ ಇಳಿದಿದೆ ಎಂದರ್ಥ. ಕಾನೂನಿನ ಮಿತಿ ಅದೇ. ಅಂಥ ಟೈರನ್ನು ಎಲ್ಲಿಯೂ ಹಾಕಬಾರದು. ಮುಂದೊಂದು ದಿನ ನೀವು ಫೋರ್ ವೀಲ್ ಡ್ರೈವ್ ಗಾಡಿ ಕೊಂಡರೆ ಈ ಸಲಹೆ ಅನ್ವಯಿಸುವುದಿಲ್ಲ, ಅದರಲ್ಲಿ ನಾಲ್ಕನ್ನೂ ಒಟ್ಟಿಗೇ ಬದಲಿಸಬೇಕು, ಇಲ್ಲವಾದರೆ ಟೈರ್‌ಗಳ ಎತ್ತರದ ವ್ಯತ್ಯಾಸದ ಭಾರವೆಲ್ಲ ಗೇರ್ ವ್ಯವಸ್ಥೆಯ ಮೇಲೆ ಬೀಳುತ್ತದೆ. ಎರಡು ಹೊಸ ಟೈರ್ ಹಾಕಿಸಿದ ದಿನವೇ ವೀಲ್ ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ ಮಾಡಿಸಿಕೊಂಡು, ಮೊದಲ ಕೆಲವು ನೂರು ಕಿಲೋಮೀಟರ್ ಬ್ರೇಕ್‌ಗೆ ಹೆಚ್ಚು ಅಂತರ ಬಿಟ್ಟು ಓಡಿಸಿ.