ಗಲ್ಲಾಪೆಟ್ಟಿಗೆಯ ಬೀಗದ ಕೈ, ಅಮ್ಮನ ಮಂಡಿ ನೋವು

ಹಾಸನ ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಮುಖ್ಯ ಭಾಗ ಇದು:

“ನಮ್ಮದು ದಿನಸಿ ಅಂಗಡಿ. ಗಲ್ಲಾಪೆಟ್ಟಿಗೆಯ ಬೀಗದ ಕೈ ಅಪ್ಪನ ಹತ್ತಿರವೇ ಇರುತ್ತದೆ. ನನಗೆ ಇಪ್ಪತ್ತೊಂಬತ್ತು ವರ್ಷ. ಆದರೂ ಯಾರಿಗೆ ಸಾಲ ಕೊಡಬೇಕು, ಯಾವ ಎಣ್ಣೆ ತರಿಸಬೇಕು, ಎಲ್ಲ ಅವರೇ ಹೇಳಬೇಕು. ಹೋದ ಯುಗಾದಿ ಹೊತ್ತಿಗೆ ಜಗಳ ಆಡಿ ಹಾಲು, ಮೊಸರಿನ ಲೆಕ್ಕ ಮಾತ್ರ ನನ್ನ ಕೈಗೆ ತಗೊಂಡೆ. ಅಮ್ಮ ಹಾಗಲ್ಲ. ಯಾವುದಕ್ಕೂ ಬೇಡ ಅಂದವರಲ್ಲ. ಬೆಂಗಳೂರಲ್ಲಿ ಕೆಲಸ ಸಿಕ್ಕಿತ್ತು. ‘ಹೋಗಿ ಬಾರಪ್ಪ, ನನ್ನ ಮಂಡಿ ನೋವು ಇದ್ದದ್ದೇ. ರಾತ್ರಿ ಎದ್ದು ನೀರು ಕುಡಿಯೋಕೆ ಆಗಲಿಲ್ಲ ಅಂದ್ರೆ ಬೆಳಗಿನವರೆಗೆ ತಡ್ಕೊಂಡರಾಯ್ತು’ ಅಂದರು. ಬರಲ್ಲ ಅಂತ ನಾನೇ ಕಂಪನಿಗೆ ಮೇಲ್ ಕಳಿಸಿದೆ. ಅಪ್ಪ ಕಂಟ್ರೋಲ್ ಮಾಡ್ತಾರೆ, ಅಮ್ಮ ಪಾಪ ಅಂತ ನಾನಂದರೆ ಸ್ನೇಹಿತ ನಗುತ್ತಾನೆ. ನಿಮ್ಮಮ್ಮ ನಿನ್ನನ್ನು ಮ್ಯಾನಿಪ್ಯುಲೇಟ್ ಮಾಡ್ತಿದ್ದಾರೆ ಅನ್ನುತ್ತಾನೆ. ಎರಡಕ್ಕೂ ಏನು ವ್ಯತ್ಯಾಸ? ಕೊನೆಗೆ ಆಗುವುದು ಒಂದೇ ಅಲ್ವಾ?”

ಕೊನೆಗೆ ಆಗುವುದು ಒಂದೇ ಇರಬಹುದು. ಬಿಡಿಸಿಕೊಳ್ಳುವ ದಾರಿ ಮಾತ್ರ ಬೇರೆ ಬೇರೆ.

ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿ ನೋಡಿ. ಅಪ್ಪನ ವಿಷಯ ಬಂದಾಗ “ಅವರೇ ಹೇಳಬೇಕು” ಎಂದಿದ್ದೀರಿ. ಅಮ್ಮನ ವಿಷಯ ಬಂದಾಗ “ನಾನೇ ಮೇಲ್ ಕಳಿಸಿದೆ” ಎಂದಿದ್ದೀರಿ. ಅಪ್ಪನ ಅಂಕೆ ಎದುರಿಗೇ ಇದೆ. ಬೀಗದ ಕೈ ಯಾರ ಹತ್ತಿರ ಇದೆ ಎಂದು ಗಿರಾಕಿಗೂ ಗೊತ್ತು. ಕಣ್ಣಿಗೆ ಕಾಣುವುದರಿಂದಲೇ ನಿಮಗೆ ಸಿಟ್ಟು ಬರುತ್ತದೆ. ಜಗಳ ಆಡುತ್ತೀರಿ, ಚೌಕಾಸಿ ಮಾಡುತ್ತೀರಿ, ಹಾಲಿನ ಲೆಕ್ಕವನ್ನಾದರೂ ಕೈಗೆ ತೆಗೆದುಕೊಳ್ಳುತ್ತೀರಿ. ಅಮ್ಮನ ಜೊತೆ ಯಾವುದರ ಬಗ್ಗೆ ಜಗಳ ಆಡುತ್ತೀರಿ? ಅವರು ಹೋಗಬೇಡ ಎಂದೇ ಇಲ್ಲ. ಕೇಳದೇ ಇದ್ದದ್ದಕ್ಕೆ ಆಗಲ್ಲ ಅನ್ನುವುದು ಹೇಗೆ? ತೀರ್ಮಾನ ನಿಮ್ಮದೇ ಆಯಿತು, ಅದರ ಹೊಣೆಯೂ ನಿಮ್ಮ ತಲೆಗೇ ಬಂತು. ನಾಳೆ ಬೇಜಾರಾದರೆ ಬೈದುಕೊಳ್ಳುವುದಕ್ಕೂ ನೀವೊಬ್ಬರೇ.

ರಾಮಾಯಣದ ಒಂದು ರಾತ್ರಿಯಲ್ಲಿ ಇವೆರಡೂ ಸಿಗುತ್ತವೆ. ಮಂಥರೆ ದಾಸಿ. ಯಾರಿಗೂ ಅಪ್ಪಣೆ ಕೊಡುವ ಹಾಗಿಲ್ಲ. ರಾಮನಿಗೆ ಪಟ್ಟ ಎಂಬ ಸುದ್ದಿ ತಂದಾಗ ಕೈಕೇಯಿ ಖುಷಿಯಿಂದ ಅವಳಿಗೆ ಒಡವೆ ಕೊಡುತ್ತಾಳೆ. ಅಲ್ಲಿಂದ ಮಂಥರೆ ಕಿವಿ ಊದುವುದಕ್ಕೆ ಶುರು ಮಾಡುತ್ತಾಳೆ. ನಾಳೆ ಕೌಸಲ್ಯೆಯ ಮುಂದೆ ನೀನು ಕೈಕಟ್ಟಿ ನಿಲ್ಲಬೇಕು, ನಿನ್ನ ಮಗನ ಗತಿಯೇನು ಎಂದು ಹೆದರಿಸುತ್ತಾಳೆ. ಮಾತು ಮುಗಿಯುವ ಹೊತ್ತಿಗೆ ಭರತನಿಗೆ ಪಟ್ಟ ಆಗಬೇಕು ಅನ್ನುವುದು ಕೈಕೇಯಿಯದೇ ಆಸೆ ಆಗಿರುತ್ತದೆ. ಆಮೇಲೆ ಕೈಕೇಯಿ ದಶರಥನಿಗೆ ಮಾಡುವುದು ಬೇರೆ. ನೀನು ಕೊಟ್ಟ ಎರಡು ವರ ಇವೆ, ಇದು ಬೇಕು, ಅದು ಬೇಕು ಎಂದು ಮುಖಕ್ಕೇ ಕೇಳುತ್ತಾಳೆ. ದಶರಥನಿಗೆ ತನ್ನ ಕೈ ಕಟ್ಟಿದ್ದು ಯಾರು, ಯಾವುದರಿಂದ ಎಂದು ಚೆನ್ನಾಗಿ ಗೊತ್ತು. ಗೋಳಾಡುತ್ತಾನೆ, ಬೈಯುತ್ತಾನೆ. ಕೈಕೇಯಿ ಮಂಥರೆಯನ್ನು ಬೈಯುವುದಿಲ್ಲ, ಹೊಗಳುತ್ತಾಳೆ! (ಕೋಪಗೃಹದ ನೆಲದ ಮೇಲೆ ಮಲಗಿ, ಏನು ಬೇಕು ಎಂದು ಹೇಳುವ ಮೊದಲೇ ಗಂಡನಿಂದ ಭಾಷೆ ತೆಗೆದುಕೊಂಡಳಲ್ಲ, ಅದು ಶುದ್ಧ ಮಂಥರೆಯ ಪಾಠ. ಇವೆರಡೂ ಬೆರೆಯುವುದೇ ಜಾಸ್ತಿ.)

ಅಮ್ಮನಿಗೆ ನಿಜವಾಗಿಯೂ ಮಂಡಿ ನೋವಿದೆ, ಸುಳ್ಳು ಹೇಳುವವರಲ್ಲ ಎಂದು ನೀವು ವಾದಿಸಬಹುದು. ನೋವಿಲ್ಲ ಎಂದು ನಾನೂ ಹೇಳುತ್ತಿಲ್ಲ. ಆದರೆ ಇದಕ್ಕೆ ಸುಳ್ಳೇ ಬೇಕೆಂದಿಲ್ಲ. ಕುರುಕ್ಷೇತ್ರದಲ್ಲಿ ಅಶ್ವತ್ಥಾಮ ಎಂಬ ಆನೆ ಸತ್ತದ್ದು ನಿಜವೇ. ಆ ನಿಜವನ್ನು ದ್ರೋಣರ ಕಿವಿಗೆ ಯಾವ ಹೊತ್ತಿನಲ್ಲಿ, ಹೇಗೆ ಹಾಕಿದರು ಅನ್ನುವುದರಲ್ಲಿ ಎಲ್ಲ ಇತ್ತು. ವರ್ಷವಿಡೀ ಇರುವ ಮಂಡಿ ನೋವು ಕೆಲಸದ ಪತ್ರ ಬಂದ ದಿನವೇ ಮಾತಿಗೆ ಬಂದರೆ, ಅದು ಯಾಕೆ ಬಂತು ಎಂದು ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ.

ಫೋನಿನಲ್ಲೂ ನೀವಿದನ್ನು ನೋಡಿರುತ್ತೀರಿ. ಹೆಲ್ಮೆಟ್ ಹಾಕದಿದ್ದರೆ ದಂಡ ಅನ್ನುವುದು ಬಹಿರಂಗ ಕಟ್ಟುಪಾಡು. ಇಷ್ಟವಿರಲಿ ಬಿಡಲಿ, ನಿಯಮ ಏನು, ತಪ್ಪಿದರೆ ಏನು ಎಂದು ಗೊತ್ತಿರುತ್ತದೆ. ವಿಮಾನದ ಟಿಕೆಟ್ ಮಾಡುವಾಗ ವಿಮೆ ಬೇಡ ಅನ್ನುವ ಕಡೆ “ನನಗೆ ರಕ್ಷಣೆ ಇಲ್ಲದಿದ್ದರೂ ಪರವಾಗಿಲ್ಲ” ಎಂಬ ಅರ್ಥದ ಸಾಲು ಬರೆದಿರುತ್ತಾರಲ್ಲ, ಅದು ಎರಡನೆಯ ಜಾತಿ. ಯಾರೂ ತಡೆದಿಲ್ಲ. ಒತ್ತುವುದಕ್ಕೆ ಮಾತ್ರ ಮನಸ್ಸು ಅಳುಕುತ್ತದೆ. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ 13 ಬಗೆಯ ಆಟಗಳನ್ನು ‘ಡಾರ್ಕ್ ಪ್ಯಾಟರ್ನ್’ ಎಂದು ಪಟ್ಟಿ ಮಾಡಿ ನಿಷೇಧಿಸಿತು. ಗ್ರಾಹಕನಿಗೆ ನಾಚಿಕೆಯಾಗುವ ಹಾಗೆ ಮಾಡಿ ಒಪ್ಪಿಸುವುದಕ್ಕೆ ಅಲ್ಲಿ ಕೊಟ್ಟಿರುವುದು ಇದೇ ವಿಮೆಯ ಉದಾಹರಣೆ. ಅಮ್ಮಂದಿರಿಗೆ ಇಂಥ ಪಟ್ಟಿ ಮಾಡಲು ಯಾವ ಪ್ರಾಧಿಕಾರಕ್ಕೂ ಧೈರ್ಯ ಬರಲಿಕ್ಕಿಲ್ಲ.

ನಾನು ಇಟ್ಟುಕೊಂಡಿರುವ ಪರೀಕ್ಷೆ ಒಂದೇ. ಎದುರಿನವರ ಉದ್ದೇಶವನ್ನು ಬಾಯಿ ಬಿಟ್ಟು ಹೇಳಿದರೆ ಆ ಮಾತಿನ ಬಲ ಉಳಿಯುತ್ತದೆಯೇ? “ನನ್ನ ಅಂಗಡಿ, ನಾನು ಹೇಳಿದಂತೆ ನಡೀಬೇಕು” ಎಂದು ಅಪ್ಪ ಸಾರಿ ಹೇಳಿದರೂ ಅವರ ಅಂಕೆ ಕಡಿಮೆ ಆಗಲ್ಲ. “ನೀನು ಹೋಗಬಾರದು ಅಂತಲೇ ನಾನು ಮಂಡಿ ನೋವಿನ ಮಾತು ತೆಗೆದೆ” ಎಂದು ಅಮ್ಮ ಹೇಳಿಬಿಟ್ಟರೆ ಆ ಮಾತಿನ ಗಾಳಿ ಅರ್ಧ ಇಳಿಯುತ್ತದೆ. ಪೂರ್ತಿ ಇಳಿಯುವುದಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಕರಗುವ ಮಕ್ಕಳು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ಹಾಗಂತ ಎದುರಿಗೇ ನಡೆಯುವ ಹಿಡಿತ ಒಳ್ಳೆಯದು ಅಂತಲ್ಲ. ಹೆಂಡತಿಗೆ ಮನೆ ನಡೆಸಲು ದುಡ್ಡೇ ಕೊಡದೆ ಸತಾಯಿಸುವುದನ್ನು ನಮ್ಮ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಆರ್ಥಿಕ ದೌರ್ಜನ್ಯ ಎಂದೇ ಕರೆಯುತ್ತದೆ. ಸಂಗಾತಿಯನ್ನು ಅಥವಾ ಮನೆಯವರನ್ನು ಎಡೆಬಿಡದೆ ಮುಷ್ಟಿಯಲ್ಲಿ ಇಟ್ಟುಕೊಂಡು ಬದುಕು ಹಾಳು ಮಾಡುವುದು ಇಂಗ್ಲೆಂಡಿನಲ್ಲಿ 2015ರಿಂದ ಅಪರಾಧ, ಐದು ವರ್ಷದವರೆಗೆ ಜೈಲು. ಕಾನೂನಿಗೆ ಹಿಡಿತ ಸುಲಭವಾಗಿ ಸಿಗುತ್ತದೆ. ಕಿತ್ತುಕೊಂಡ ಫೋನು, ಕೊಡದ ದುಡ್ಡು, ಹಾಕಿದ ಬೀಗ ಇವಕ್ಕೆ ಸಾಕ್ಷಿ ಇರುತ್ತದೆ. “ಹೋಗಿ ಬಾರಪ್ಪ” ಎಂದದ್ದಕ್ಕೆ ಯಾವ ಸಾಕ್ಷಿ ತರುತ್ತೀರಿ?

ನಿಮ್ಮ ಸ್ನೇಹಿತ ಗಮನಿಸದ ಸಂಗತಿ ಒಂದಿದೆ. ಅಮ್ಮನ ಕೈಯಲ್ಲಿ ಬೀಗದ ಕೈ ಇಲ್ಲ. ನೇರವಾಗಿ ಕೇಳಿದರೆ ಯಾರೂ ಕೊಡದ ಮನೆಯಲ್ಲಿ ಜನ ಸುತ್ತಿ ಬಳಸಿ ಕೇಳುವುದನ್ನು ಕಲಿಯುತ್ತಾರೆ. ಮಂಥರೆಗೂ ಬೇರೆ ದಾರಿ ಎಲ್ಲಿತ್ತು? ಅಪ್ಪಂದಿರು ಈ ಆಟ ಆಡಲ್ಲ ಅಂತೇನೂ ಇಲ್ಲ. ಅಂಗಡಿ ಮಕ್ಕಳ ಕೈಗೆ ಹೋದ ಮೇಲೆ “ನನ್ನ ಮಾತು ಇನ್ನು ಯಾರಿಗೆ ಬೇಕು ಬಿಡು” ಎಂದು ಊಟದ ತಟ್ಟೆ ಪಕ್ಕಕ್ಕೆ ಸರಿಸುವ ಯಜಮಾನರು ಇದ್ದಾರೆ. ಅಧಿಕಾರ ಹೋದ ದಿನ ಈ ವಿದ್ಯೆ ತಾನಾಗಿ ಬರುತ್ತದೆ. ಹಾಗಾಗಿ ಮ್ಯಾನಿಪ್ಯುಲೇಟ್ ಎಂಬ ಪದವನ್ನು ಅಮ್ಮನ ಮುಖಕ್ಕೆ ಎಸೆಯಬೇಡಿ. ಅವರು ಲೆಕ್ಕ ಹಾಕಿ ಆ ಮಾತು ಆಡಿದರು ಎಂದೂ ನಾನು ಹೇಳಲಾರೆ. ಒಂದು ಪತ್ರ ಓದಿ ಮನೆಯವರ ಮನಸ್ಸು ಅಳೆಯುವುದು ಸಂಪಾದಕರ ಕೆಲಸವಲ್ಲ.

ಒಂದು ಕೆಲಸ ಮಾಡಿ. ಮಂಡಿಯನ್ನು ಒಳ್ಳೆಯ ಮೂಳೆ ಡಾಕ್ಟರಿಗೆ ತೋರಿಸಿ. ರಾತ್ರಿ ತಲೆದಿಂಬಿನ ಹತ್ತಿರ ಒಂದು ಚೊಂಬು ನೀರು ಇಡುವುದು ಅಪ್ಪನಿಗೂ ಆಗದ ಕೆಲಸವಲ್ಲ. ಇದೆಲ್ಲ ಮುಗಿದ ಮೇಲೆ, ಅಪ್ಪ ಅಂಗಡಿಯಲ್ಲಿರುವ ಹೊತ್ತಿಗೆ ಅಮ್ಮನ ಹತ್ತಿರ ಕೂತು ಕೇಳಿ: “ಅಮ್ಮಾ, ನಾನು ಬೆಂಗಳೂರಿಗೆ ಹೋಗೋದು ನಿನಗೆ ಇಷ್ಟ ಇಲ್ವಾ? ಇದ್ದದ್ದು ಇದ್ದ ಹಾಗೆ ಹೇಳು.” ಹೌದು, ಇಷ್ಟ ಇಲ್ಲ ಎಂದರೆ ಒಳ್ಳೆಯದೇ ಆಯಿತು. ಆಗ ಅದು ಕೋರಿಕೆ. ಕೋರಿಕೆಗೆ ನೀವು ಆಗಲಿ ಅನ್ನಬಹುದು, ಆಗಲ್ಲ ಅನ್ನಬಹುದು, ವರ್ಷ ಬಿಟ್ಟು ನೋಡೋಣ ಅನ್ನಬಹುದು. “ನಾನೆಲ್ಲಿ ಬೇಡ ಅಂದೆ” ಎಂದರೆ, ಆ ಮಾತನ್ನೇ ನಂಬಿ ಇನ್ನೊಂದು ಅರ್ಜಿ ಹಾಕಿ.

– ಸಂಪಾದಕ