ಕೆಂಪು ಪಟ್ಟಿ ಮತ್ತು ಒಂದು ವರ್ಷದ ಗಡುವು

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಓದು-ಕೆಲಸದ ಬಗ್ಗೆ ಸಲಹೆ ಕೇಳಲು ನನ್ನ ಹತ್ತಿರ ಬಂದಿದ್ದ ರಾಯಚೂರು ಕಡೆಯ ಹುಡುಗಿ, 21 ವರ್ಷ. ಆಹಾರ ಮತ್ತು ಪೋಷಣೆ ವಿಷಯದಲ್ಲಿ ಬಿಎಸ್ಸಿ ಕೊನೆಯ ವರ್ಷ. ಬೆಂಗಳೂರಿನ ಒಂದು ಆ್ಯಪ್ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಫೋನಿನಲ್ಲಿ ಡಯಟ್ ಚಾರ್ಟ್ ಹೇಳಬೇಕು. ಮನೆಯಲ್ಲಿ ಸಾಲ ಇದೆ, ಅಪ್ಪ ‘ಸುಮ್ನೆ ಸೇರ್ಕೊ’ ಅಂದಿದ್ದರು. ಇವಳಿಗೆ ಮನಸ್ಸಿಲ್ಲ. ಯಾಕೆ ಅಂತ ಹೇಳೋಕೂ ಬರುತ್ತಿರಲಿಲ್ಲ.

ಅರ್ಧ ಗಂಟೆ ಕೋರ್ಸು, ಸಂಬಳ ಅಂತಲೇ ಮಾತಾಡಿದೆವು. ಏನೂ ಹೊರಡಲಿಲ್ಲ. ಆಮೇಲೆ, ‘ಈ ಮೂರು ವರ್ಷದಲ್ಲಿ ನಿನ್ನ ನಿದ್ದೆ ಕೆಡಿಸಿದ್ದು ಏನಾದರೂ ಇದೆಯಾ?’ ಅಂತ ಕೇಳಿದೆ.

ಅಂಗನವಾಡಿಗೆ ಫೀಲ್ಡ್ ವರ್ಕ್‌ಗೆ ಹೋಗಿದ್ದಳಂತೆ. ಒಂದೂವರೆ ವರ್ಷದ ಕೂಸು. ತೋಳಿಗೆ ಅಳತೆ ಪಟ್ಟಿ ಸುತ್ತಿದರೆ 11.2 ಸೆಂಟಿಮೀಟರ್. 11.5ಕ್ಕಿಂತ ಕಡಿಮೆ ಅಂದರೆ ಕೆಂಪು, ತೀವ್ರ ಅಪೌಷ್ಟಿಕತೆ. ಹೇಳುವಾಗ ತನ್ನ ತೋಳನ್ನೇ ಎರಡು ಬೆರಳಲ್ಲಿ ಹಿಡಿದುಕೊಂಡಿದ್ದಳು.

‘ಪೌಷ್ಟಿಕ ಪುನಶ್ಚೇತನ ಕೇಂದ್ರದಾಗ ಹದಿನಾಲ್ಕು ದಿನ ಇಟ್ಕೊಂಡ್ರು ಮೇಡಂ. ತೂಕ ಏರಿತ್ತು. ಎರಡು ತಿಂಗಳಿಗೆ ಮತ್ತ ಕೆಂಪು. ಅವರವ್ವ ಹತ್ತಿ ಬಿಡಿಸಾಕ ಹೋಗ್ತಾಳ್ರೀ. ಕೂಸಿಗೆ ಉಣಿಸೋರು ಯಾರು?’

ಅವಳ ಪ್ರಶ್ನೆ ಕೂಸು ಏನು ತಿನ್ನಬೇಕು ಅನ್ನುವುದಲ್ಲ, ಯಾಕೆ ತಿನ್ನೋಕೆ ಆಗುತ್ತಿಲ್ಲ ಅನ್ನುವುದು. ಸಾರ್ವಜನಿಕ ಆರೋಗ್ಯದ ಕೆಲಸ ಶುರುವಾಗುವುದೇ ಅಲ್ಲಿಂದ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿರಲಿಲ್ಲ. ಇದನ್ನು ಹೇಳಿದಾಗ ಅವಳು ಸರಿಯಾಗಿ ಕೂತುಕೊಂಡಳು.

ದಾರಿಗಳ ಬಗ್ಗೆ ಬಿಚ್ಚಿ ಹೇಳಿದೆ. ಆಸ್ಪತ್ರೆಯ ಡಯಟಿಷಿಯನ್ ಆಗಬೇಕಾದರೆ ಎಂಎಸ್ಸಿ, ಇಂಟರ್ನ್‌ಶಿಪ್, ಆಮೇಲೆ ನೋಂದಾಯಿತ ಡಯಟಿಷಿಯನ್ ಪರೀಕ್ಷೆ. ಅಲ್ಲಿ ಒಬ್ಬೊಬ್ಬ ರೋಗಿಯ ತಟ್ಟೆ ನೋಡುತ್ತಾರೆ. ಊರಿನ ತಟ್ಟೆ ನೋಡಬೇಕು ಅನ್ನಿಸಿದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ಅನ್ವಯಿಕ ಪೋಷಣೆಯ ಎಂಎಸ್ಸಿ ಇದೆ, ಪ್ರವೇಶ ಪರೀಕ್ಷೆ ಬರೆಯಬೇಕು. ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಓದಲು ಎಂಬಿಬಿಎಸ್ಸೇ ಆಗಿರಬೇಕು ಅಂತೇನಿಲ್ಲ, ಬಹಳ ಕಡೆ ಬೇರೆ ಡಿಗ್ರಿಯವರನ್ನೂ ತಗೋತಾರೆ. ಶಿಶು ಅಭಿವೃದ್ಧಿ ಯೋಜನಾಧಿಕಾರಿ ಹುದ್ದೆಗೆ ಕೆಪಿಎಸ್‌ಸಿ ಪರೀಕ್ಷೆ ಇರುತ್ತದೆ, ಆದರೆ ಅದು ಕರೆದಾಗಲೇ ಕರೆದಂಗೆ. ಅದನ್ನೇ ನಂಬಿ ಮನೆಯಲ್ಲಿ ಕೂರಬೇಡ ಅಂದೆ. ಯೋಜನೆಗಳ ಕೆಲಸ ಜಾಸ್ತಿ ಗುತ್ತಿಗೆಯದು, ವರ್ಷ ವರ್ಷ ನವೀಕರಣದ ಚಿಂತೆ ತಪ್ಪಲ್ಲ ಅನ್ನುವುದನ್ನೂ ಮುಚ್ಚಿಡಲಿಲ್ಲ.

ಸಾಲದ ವಿಷಯಕ್ಕೆ ಬಂದಾಗ ಅತ್ತಳು. ಅಪ್ಪನ ಹೊರೆ ತಾನು ಹೊರದಿದ್ದರೆ ಸ್ವಾರ್ಥಿ ಆಗ್ತೀನಿ ಅನ್ನುವ ಭಯ. ಆ್ಯಪ್ ಕೆಲಸವೂ ಮರ್ಯಾದೆಯದೇ, ಅಲ್ವಾ? ಒಂದು ವರ್ಷ ಅದನ್ನು ಮಾಡು, ದುಡ್ಡು ಕಳಿಸು, ಸಂಜೆ ಪ್ರವೇಶ ಪರೀಕ್ಷೆಗೆ ಓದು ಎಂದೆ. ಆದರೆ ಗಡುವನ್ನು ಅಪ್ಪನ ಎದುರೇ ಹೇಳಬೇಕು. ಆ ಕೂಸಿನ ವಿಷಯವನ್ನೂ ಹೇಳಬೇಕು. ಮನೆಯಲ್ಲಿ ಅದನ್ನು ಇನ್ನೂ ಯಾರಿಗೂ ಹೇಳಿರಲಿಲ್ಲ.

ಮುಂದಿನ ಸಲ ಅಪ್ಪನೂ ಬಂದರು. ಟವೆಲ್ ತೊಡೆ ಮೇಲಿಟ್ಟುಕೊಂಡು ಪೂರ್ತಿ ಕೇಳಿದರು. ವರ್ಷದ ಲೆಕ್ಕಕ್ಕೆ ‘ಹೂಂ’ ಅಂದರು. ಆಮೇಲೆ ಮಗಳ ಕಡೆ ತಿರುಗಿ, ‘ಆ ಕೂಸು ಈಗ ಹ್ಯಾಂಗ ಐತವ್ವಾ?’ ಅಂದರು.

ಅವಳು ಅಂಗನವಾಡಿ ಟೀಚರಿಗೆ ಫೋನ್ ಮಾಡಿ ಕೇಳಿಕೊಂಡೇ ಬಂದಿದ್ದಳು. 11.9. ಹಳದಿಗೆ ಬಂದಿತ್ತು.